ಮೀನೆಣ್ಣೆ ಹಚ್ಚಿದ ಕಾರು

ಕಾಸರಕೋಡ, ಹೊನ್ನಾವರ ತಾಲೂಕು
೨೦ ನವೆಂಬರ್ ೧೯೬೦

ಕಮಲಿಗೆ, ಸೋದರಮಾವನಿಂದ.

ಈ ಕಾಗದವನ್ನು ನಿಂತು ಓದಬೇಡ, ಕೂತುಕೋ. ಶಾಲೆಯಲ್ಲಿದ್ದರೆ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ನಿಧಾನಕ್ಕೆ ಓದು. ನಿನ್ನ ಮಾವ ಮೊನ್ನೆ ಗುರುವಾರ ಕಾರು ಕೊಂಡ.

ಹೌದು, ಕಾರು. ಮೂರನೇ ಇಯತ್ತೆಯಲ್ಲಿ ಎರಡು ವರ್ಷ ಕೂತವನು, ಕಾಸರಕೋಡದಿಂದ ಹೊನ್ನಾವರಕ್ಕೆ ಜನರನ್ನು ಹೊಳೆ ದಾಟಿಸಿ ಹೊಟ್ಟೆ ಹೊರೆದವನು, ಅವನೇ ಕೊಂಡದ್ದು. ಹೊನ್ನಾವರದ ಅದಿರಿನ ಕಂಪನಿ ಬಾಗಿಲು ಹಾಕಿಕೊಂಡು ಮುಂಬಯಿಗೆ ಹೋಯಿತು. ಹೋಗುವಾಗ ಮೇಜು, ಕುರ್ಚಿ, ಕಬ್ಬಿಣದ ತಿಜೋರಿ, ಎರಡು ಕಾರು ಎಲ್ಲವನ್ನೂ ಅಂಗಳಕ್ಕೆ ತಂದಿಟ್ಟು ಹರಾಜು ಹಾಕಿ ಲಿಲಾವು ಕೂಗಿಸಿತು. ಕೂಗುವ ಕಾರಕೂನ ಮೊದಲೇ ಹೇಳಿಬಿಟ್ಟ: "ಇದ್ದದ್ದು ಇದ್ದ ಹಾಗೆ. ನೋಡಬಹುದು, ಮುಟ್ಟಬಹುದು. ಇಂಜಿನ್ ಶುರು ಮಾಡುವ ಹಾಗಿಲ್ಲ. ಮನೆಗೆ ಹೋದ ಮೇಲೆ ಓಡದಿದ್ದರೆ ಕಂಪನಿಯ ಹೆಸರು ಹೇಳಿ ಬೈಯುವ ಹಾಗೂ ಇಲ್ಲ."

ಒಂದು ಕಾರು ಕಪ್ಪು. ದೊಡ್ಡ ಸಾಹೇಬರದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಬೂದಿ ಬಣ್ಣದ್ದು. ಗಣಿಗೆ ಪಗಾರ ಒಯ್ಯಲು ವಾರವಾರ ಘಟ್ಟ ಹತ್ತುತ್ತಿದ್ದದ್ದು, ಮೈತುಂಬ ಗೀರು. ಜನವೆಲ್ಲ ಕಪ್ಪು ಕಾರನ್ನು ಮುತ್ತಿತ್ತು. ಕುಮಟೆಯ ಜವಳಿ ಅಂಗಡಿ ಕೃಷ್ಣಾನಂದ ಶ್ಯಾನಭಾಗರು ಅದರ ಗಾಜಿನಲ್ಲಿ ತಮ್ಮ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ನಾನು ಎಂತ ಮಾಡಿದೆ? ಹಳೇ ದೋಣಿ ಕೊಳ್ಳುವಾಗ ಏನು ಮಾಡುತ್ತೇವೋ ಅದನ್ನೇ. ಅಂಗಿ ಬಿಚ್ಚಿ ಎರಡೂ ಕಾರಿನ ಅಡಿಗೆ ಹೋಗಿ ಅಂಗಾತ ಮಲಗಿದೆ, ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಬೂದಿ ಕಾರು ಟಣ್ ಎಂದಿತು. ಕಪ್ಪು ಕಾರು ಕೊಳೆತ ಹಲಸಿನ ಹಣ್ಣಿನ ಹಾಗೆ ಬೊದಕ್ ಎಂದಿತು. ಸಾಹೇಬರು ಸಂಜೆ ಸಂಜೆ ಅಪ್ಸರಕೊಂಡದ ಮರಳಲ್ಲಿ ಅದನ್ನು ಓಡಿಸುತ್ತಿದ್ದರು. ಸಮುದ್ರದ ಉಪ್ಪು ಸಾಹೇಬರ ಗಾಡಿಯೆಂದು ಬಿಡುತ್ತದೆಯೇ?

ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡು ಶ್ಯಾನಭಾಗರಿಗೆ ಕೇಳುವ ಹಾಗೆ ಹೇಳಿದೆ, "ಇಂಥಾ ಬಣ್ಣ ನಾ ಹುಟ್ಟಿದಲ್ಲಿಂದ ಕಂಡದ್ದಿಲ್ಲ ಮಾರಾಯಾ." ಸುಳ್ಳಲ್ಲ, ಬಣ್ಣ ಚೆಂದವೇ ಇತ್ತು. ಆಮೇಲೆ ಅವರು ಕೂಗಿದ ಕೂಗಿಗೆ ತೆಂಗಿನಮರದ ಕಾಗೆ ಎದ್ದು ಹೋದವು, ಕಪ್ಪು ಕಾರು ಅವರದ್ದಾಯಿತು. ಬೂದಿ ಕಾರಿನ ಸರದಿ ಬಂದಾಗ ಉಳಿದದ್ದು ನಾನು ಮತ್ತು ಒಬ್ಬ ಗುಜರಿಯವನು. ಅವನು ತೂಕದ ಲೆಕ್ಕದಲ್ಲಿ ಕೂಗಿದ, ನಾನು ದೋಣಿಯ ಲೆಕ್ಕದಲ್ಲಿ ಕೂಗಿದೆ.

ದೋಣಿಯನ್ನು ಇಲ್ಲಿಯದೇ ಅಂಬಿಗ ಬೀರನಿಗೆ ಮಾರಿ ಹಣ ಕಟ್ಟಿದೆ. ಹೇಗೂ ಹೊಳೆಗೆ ಇವತ್ತಲ್ಲ ನಾಳೆ ಸೇತುವೆ ಆಗುತ್ತದಂತೆ. ಇನ್ನು ಮೇಲೆ ಕಾಸರಕೋಡದಿಂದ ಭಟ್ಕಳಕ್ಕೆ ಶನಿಯಾರ ನಾಯ್ಕನ ಬಾಡಿಗೆ ಕಾರು.

ನಿನ್ನ ಅತ್ತೆ ಸೋಮಿ ತೆಂಗಿನಗುಂಡಿಗೆ ತವರಿಗೆ ಬಂದಿದ್ದಾಳೆ. ಹವಾ ಬದಲಾವಣೆಗೆ. ನಿನ್ನ ಶಾಲೆ ಅಲ್ಲೇ ಇರುವುದರಿಂದ ಒಮ್ಮೆ ಹೋಗಿ ನೋಡು. ಏನಾದರೂ ಹೇಳಿದರೆ ಬರೆ.

ಕಾರಿನ ಮಾಲಕ,
ಶನಿಯಾರ ಮಾವ


ತೆಂಗಿನಗುಂಡಿ, ಭಟ್ಕಳ ತಾಲೂಕು
೩ ಡಿಸೆಂಬರ್ ೧೯೬೦

ಮಾವನಿಗೆ, ಕಮಲಿ ಬರೆಯುವುದು.

ಅತ್ತೆ ಹವಾ ಬದಲಾವಣೆಗೆ ಬಂದದ್ದಲ್ಲ. ಹವಾ ಬದಲಾವಣೆಗೆ ಬರುವವರು ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ತರುವುದಿಲ್ಲ.

ಕೇಳದೆ ದೋಣಿ ಮಾರಿದ್ದಕ್ಕೆ ಸಿಟ್ಟೆಂದು ತಿಳಿದಿದ್ದೆ. ಅದು ಇದೆ. ಆದರೆ ಅದಕ್ಕಾದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದಳು. ವಿಷಯ ಬೇರೆ. ಅತ್ತೆ ಸಣ್ಣವಳಿದ್ದಾಗ ಅವಳ ಅಪ್ಪನ ದೋಣಿಯನ್ನು ಸಾಹುಕಾರ ಸಾಲಕ್ಕಾಗಿ ಇದೇ ದಂಡೆಯಲ್ಲಿ ಲಿಲಾವು ಹಾಕಿಸಿದನಂತೆ. ಕೊಂಡವರು ದೋಣಿಯನ್ನು ನೀರಿಗೆ ತಳ್ಳುವಾಗ ಅಜ್ಜ ಅದರ ಮೂತಿ ಹಿಡಿದುಕೊಂಡು ಸೊಂಟದ ಮಟ್ಟದ ನೀರಿನವರೆಗೆ ಹೋದರಂತೆ. ನಿಮಗೆ ಇದನ್ನು ಅವಳು ಯಾವತ್ತಾದರೂ ಹೇಳಿದ್ದಳೋ, ಹೇಳುವಾಗ ನೀವು ಮಾತಾಡುತ್ತಿದ್ದಿರೋ ಗೊತ್ತಿಲ್ಲ.

ಅವಳ ಮಾತನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ. "ಲಿಲಾವಲ್ಲಿ ತಂದದ್ದರ ಮೇಲೆ ಯಾರದೋ ಕಣ್ಣೀರು ಇರ್ತದೆ. ಅದು ಅಂಗಳದಲ್ಲಿ ಇರೂವರೆಗೆ ಆ ಮನೇಲಿ ನಾ ಉಣ್ಣೂದಿಲ್ಲ."

ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದಾಳೆ. ಕೂಲಿಗೆ. ನಗೆಚಾಟಿಕೆ ಮಾಡದೆ ಉತ್ತರ ಬರೆಯಿರಿ. ಶ್ಯಾನಭಾಗರಿಗೆ ಮಾಡಿದ್ದೂ ನನಗೆ ಸರಿ ಕಾಣಲಿಲ್ಲ.

ಕಮಲಿ


ಕಾಸರಕೋಡ
೨೨ ಜನವರಿ ೧೯೬೧

ಕಮಲಿಗೆ,

ಉತ್ತರಕ್ಕೆ ತಡವಾಯಿತು. ದೊಡ್ಡ ವ್ಯವಹಾರ ನಡೆಸುವವರಿಗೆ ಬಿಡುವು ಕಡಿಮೆ.

ಅತ್ತೆಗೆ ಹೇಳು: ಅವಳಪ್ಪನ ದೋಣಿ ಮನುಷ್ಯನದ್ದು. ಈ ಕಾರು ಕಂಪನಿಯದ್ದು. ಕಂಪನಿಗೆ ಕಣ್ಣೆಲ್ಲಿದೆ, ಅಳುವುದಕ್ಕೆ? ಅದಕ್ಕಿರುವುದು ಒಂದು ಬೋರ್ಡು, ಕಾಗದಕ್ಕೆ ಒತ್ತುವ ಒಂದು ರಬ್ಬರಿನ ಶಿಕ್ಕೆ. ಈ ಮಾತನ್ನು ಅವಳೆದುರು ಎರಡು ಸಲ ಓದು. ಒಂದು ಸಲ ಓದಿದರೆ ಕೇಳಲಿಲ್ಲ ಅನ್ನುತ್ತಾಳೆ.

ಇನ್ನು ಕಾರಿನ ಸುದ್ದಿ. ಹೊಳೆ ದಾಟಿಸಿ ತಂದ ಮೇಲೆ ಎಲ್ಲರೂ ಹೇಳಿದರು, ಸಮುದ್ರದ ಗಾಳಿಗೆ ಕಬ್ಬಿಣ ತಡೆಯುವುದಿಲ್ಲ ಎಂದು. ಮರಕ್ಕೇ ತಡೆಯುವುದಿಲ್ಲ, ಅದಕ್ಕಲ್ಲವೇ ನಾವು ದೋಣಿಗೆ ವರ್ಷಾವರ್ಷ ತಾರ್ಲೆ ಮೀನಿನ ಎಣ್ಣೆ ಕುಡಿಸುವುದು. ಹಾಗಾಗಿ ಕಾರಿಗೂ ಕುಡಿಸಿದೆ. ಅಡಿಗೆ ಮೂರು ಕೈ, ಬಾಗಿಲ ಸಂದಿಗೆ ಎರಡು ಕೈ. ಕೊನೆಗೆ ಡಬ್ಬಿಯಲ್ಲಿ ಸ್ವಲ್ಪ ಉಳಿಯಿತು, ಚೆಲ್ಲಲು ಮನಸ್ಸಾಗಲಿಲ್ಲ, ಒಳಗೂ ಒರೆಸಿದೆ.

ವಾಸನೆ ಸ್ವಲ್ಪ ಇದೆ. ಸ್ವಲ್ಪ ಎಂದರೆ, ಊರಿನ ಬೆಕ್ಕುಗಳು ಈಗ ನಮ್ಮ ಅಂಗಳದಲ್ಲೇ ವಾಸ. ಹೊನ್ನಾವರದ ವಕೀಲರೊಬ್ಬರು ಭಟ್ಕಳಕ್ಕೆಂದು ಹತ್ತಿ ಕೂತವರು ಕೆರೆಕಟ್ಟೆಯ ಹತ್ತಿರ, "ನನಗೆ ನಡೆಯುವ ಅಭ್ಯಾಸ ಒಳ್ಳೆಯದಂತೆ" ಎಂದು ಇಳಿದರು. ಮೀನು ಮಾರುವ ಹೆಂಗಸರು ಮಾತ್ರ ಸಂತೋಷದಿಂದ ಹತ್ತುತ್ತಾರೆ. ಅವರಲ್ಲಿ ಹೊನ್ನಿ ಎಂಬವಳು ಹೇಳುವುದು, "ನಮ್ಮ ಬುಟ್ಟಿಗಿಂತ ನಿಂದೇ ಜೋರು ನಾಯ್ಕಾ. ನಮಗೇ ಮೂಗು ಮುಚ್ಚಬೇಕು ಕಾಣ್ತದೆ."

ಓಡಿಸುವುದು ನಾನೇ. ಒಂದು ಸಣ್ಣ ತೊಡಕು. ದೋಣಿಯಲ್ಲಿ ಚುಕ್ಕಾಣಿಯ ಹಿಡಿ ಎಡಕ್ಕೆ ಒತ್ತಿದರೆ ಮೂತಿ ಬಲಕ್ಕೆ ತಿರುಗುತ್ತದೆ. ಕಾರಿನಲ್ಲಿ ಎಡಕ್ಕೆ ತಿರುವಿದರೆ ಎಡಕ್ಕೇ ಹೋಗುತ್ತದೆ. ಸಾವಧಾನವಿದ್ದಾಗ ನೆನಪಿರುತ್ತದೆ. ಎದುರಿಗೆ ಎತ್ತಿನ ಗಾಡಿ ಬಂದಾಗ ಕೈಗೆ ಹಳೇ ಬುದ್ಧಿ ಬರುತ್ತದೆ. ತೆಂಗಿನಮರಕ್ಕೆ ಏನೂ ಆಗಲಿಲ್ಲ. ಎತ್ತುಗಳೂ ಹುಷಾರಾಗಿವೆ.

ಮನೆಯಲ್ಲಿ ಅಡುಗೆ ನಾನೇ ಮಾಡುತ್ತೇನೆ. ಭಾರೀ ರುಚಿ ಆಗುತ್ತದೆ. ಬೆಕ್ಕುಗಳು ಮಾತ್ರ ಅದನ್ನು ಮುಟ್ಟುವುದಿಲ್ಲ.

ಶನಿಯಾರ ಮಾವ


ತೆಂಗಿನಗುಂಡಿ
೧೨ ಫೆಬ್ರುವರಿ ೧೯೬೧

ಮಾವನಿಗೆ,

ಎರಡು ಸಲ ಓದಿದೆ. ಬೆಕ್ಕಿನ ಸುದ್ದಿಗೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಕೆಮ್ಮಿದಳೋ ಹೇಳಲಾರೆ.

ಕಂಪನಿಗೆ ಕಣ್ಣಿಲ್ಲ ಎಂದದ್ದಕ್ಕೆ ಬಲೆಯ ಗಂಟೊಂದನ್ನು ಬಿಗಿದಳು. ಆಮೇಲೆ ಕೇಳಿದ್ದು ಇಷ್ಟೇ: "ಕಂಪನಿಗೆ ಕೈಯೂ ಇಲ್ಲ ಅಲ್ದಾ? ಹಾಂಗಾರೆ ಆ ಕಾರನ್ನ ದಿನಾ ಬೆಳಿಗ್ಗೆ ಒರೆಸ್ತಿದ್ದವ ಯಾರು? ಅವನ ಕೇಳಿ ಬಾ ಹೇಳು."

ಉತ್ತರ ನೀವೇ ಕೊಡಬೇಕು. ನಿಮ್ಮ ಹತ್ತಿರ ಇದ್ದರೆ ಬರೆಯಿರಿ.

ಕಮಲಿ


ಕಾಸರಕೋಡ
೨ ಏಪ್ರಿಲ್ ೧೯೬೧

ಕಮಲಿಗೆ,

ಒರೆಸುತ್ತಿದ್ದವನು ಸಿಕ್ಕಿದ.

ಹೊನ್ನಾವರದಲ್ಲಿ ಕಂಪನಿಯ ಹಳೇ ಕಾವಲುಗಾರನನ್ನು ಹಿಡಿದು ಕೇಳಿದೆ. ಅವನು ಹೇಳಿದ್ದು, ಆ ಬೂದಿ ಕಾರನ್ನು ಘಟ್ಟ ಹತ್ತಿಸುತ್ತಿದ್ದವರು ಭಟ್ಕಳದ ಮೀರಾ ಸಾಹೇಬರು, ಕಂಪನಿ ಬಂದ ದಿನದಿಂದ ಹೋದ ದಿನದವರೆಗೆ ಬೇರೆಯವರ ಕೈಗೆ ಕೊಟ್ಟವರಲ್ಲ, ಲಿಲಾವಿನ ದಿನ ಒಳಗೆ ಬಾರದೆ ಗೇಟಿನ ಹೊರಗೆ ಬೆನ್ನು ಹಾಕಿ ನಿಂತಿದ್ದರು ಎಂದು. ಅಂದು ಗೇಟಿನಲ್ಲಿ ಒಬ್ಬರು ನಿಂತದ್ದು ನಾನೂ ಕಂಡಿದ್ದೆ. ಕೊಳ್ಳಲು ಬಂದು ಧೈರ್ಯ ಸಾಲದವರೆಂದು ತಿಳಿದು, ಕಾರನ್ನು ತಳ್ಳಿಸಿಕೊಂಡು ಬರುವಾಗ ಅವರಿಗೆ ಮೀಸೆ ತಿರುವಿ ತೋರಿಸಿದ್ದೆ.

ಭಟ್ಕಳಕ್ಕೆ ಹೋದೆ. ಸಾಹೇಬರು ತಮ್ಮ ಭಾವನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದರು. ಐವತ್ತರ ಮೇಲಿನ ಮನುಷ್ಯ, ಗಜಕೋಲನ್ನು ಹಿಡಿದದ್ದು ನೋಡಿದರೆ ಹಾವು ಹಿಡಿದ ಹಾಗೆ. ಬಂದ ಕಾರಣ ಹೇಳಿದೆ. ಅವರು ಗಿರಾಕಿಯನ್ನು ಹಾಗೇ ಬಿಟ್ಟು ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಮೂಗು ಮೇಲೆತ್ತಿದರು.

"ನಾಯ್ಕರೇ, ಇದೆಂತ ಮಾಡಿದ್ರಿ? ನನ್ನ ಗಾಡೀನ ಬಂಗಡೆ ಬುಟ್ಟಿ ಮಾಡಿ ಇಟ್ಟಿದ್ರಲ್ಲ."

"ದೋಣಿಗೆ ಹಚ್ಚೂದು ಹಚ್ಚಿದೆ."

"ಮುಂದಿನ ಬಾಗಿಲು ನೆಗ್ಗಿದ್ದು?"

"ತೆಂಗಿನಮರ."

"ಮರ ರಸ್ತೆಗೆ ಬಂದಿತ್ತಾ?"

ಮರ ಇದ್ದಲ್ಲೇ ಇತ್ತು ಎಂದು ನಿಜ ಹೇಳಿಬಿಟ್ಟೆ. ನೀನು ನಂಬದಿದ್ದರೆ ಬಿಡು. ಅವರು ಬಾಗಿಲ ನೆಗ್ಗನ್ನು ಅಂಗೈಯಿಂದ ಸವರಿದರು. ಆಮೇಲೆ ಕರವಸ್ತ್ರ ತೆಗೆದು ಮೊದಲು ಗಾಜು ಒರೆಸಿದರು, ಆಮೇಲೆ ಅದೇ ಕರವಸ್ತ್ರದಲ್ಲಿ ಮುಖ ಒರೆಸಿದರು. ಕಮಲೀ, ನಿನ್ನ ಅತ್ತೆ ಹೇಳಿದ್ದು ಸರಿ. ಇದನ್ನು ಅವಳಿಗೆ ಹೇಳು. ಎರಡು ಸಲ ಓದುವುದು ಬೇಡ.

ಈಗ ನನ್ನ ಬುದ್ಧಿವಂತಿಕೆ ಕೇಳು. ಕಣ್ಣೀರಿನ ಬಾಬ್ತು ತೀರಿಸಲು ಎರಡು ದಾರಿ: ಕಾರನ್ನು ಬಿಡುವುದು, ಇಲ್ಲ ಅತ್ತವರನ್ನೇ ಕಾರಿಗೆ ಕೂರಿಸುವುದು. ಅಲ್ಲೇ ರಸ್ತೆಯಲ್ಲಿ ನಿಂತು ಹೇಳಿದೆ, "ಸಾಹೇಬ್ರೇ, ಕಾರು ನನ್ನದು, ಓಡಿಸೂದು ನಿಮ್ಮದು. ಬಂದದ್ದು ಸಮಸಮ." ಅವರು ಒಂದೇ ಶರ್ತ ಹಾಕಿದರು. ನಾನು ಯಾವತ್ತೂ ಆ ಚಕ್ರ ಮುಟ್ಟಬಾರದು. ನನ್ನಂಥ ಡ್ರೈವರನಿಗೆ ಇದು ಕಷ್ಟದ ಶರ್ತ. ಒಪ್ಪಿದೆ.

ಗಜಕೋಲನ್ನು ಭಾವನ ಕೈಗೆ ಕೊಟ್ಟು ಬಂದರು. ಭಾವನಿಗೂ ಸಮಾಧಾನವಾದ ಹಾಗೆ ಕಂಡಿತು.

ಶನಿಯಾರ ಮಾವ


ತೆಂಗಿನಗುಂಡಿ
೩೦ ಏಪ್ರಿಲ್ ೧೯೬೧

ಮಾವನಿಗೆ,

ಓದಿದೆ. ಒಂದೇ ಸಲ.

ಅತ್ತೆ ಎದ್ದು ಕೋಳಿಗಳಿಗೆ ಅಕ್ಕಿ ಹಾಕಿದಳು. ಆಗಷ್ಟೇ ಒಮ್ಮೆ ಹಾಕಿದ್ದಳು. ಸಂಜೆ ನಾನು ಹೊರಟಾಗ ಕೇಳಿದಳು, "ಆ ಸಾಯ್ಬರಿಗೆ ಮಕ್ಕಳು ಎಷ್ಟಂತೆ? ಮಧ್ಯಾಹ್ನ ಎಲ್ಲಿ ಉಣ್ತಾರೆ? ನಿನ್ನ ಮಾವ ಬೇಯ್ಸಿದ್ದಾ?" ಕೊನೆಯ ಪ್ರಶ್ನೆ ಕೇಳುವಾಗ ಅವಳಿಗೆ ನಿಜವಾಗಿ ಅವರ ಮೇಲೆ ಕನಿಕರ ಬಂದಿತ್ತು.

ನಾನು, ಹಾಗಾದರೆ ಮನೆಗೆ ಹೋಗುತ್ತೀಯಾ ಎಂದೆ. "ಒಂದು ಮಳೆಗಾಲ ಹೋಗ್ಲಿ. ಆ ಸಾಯ್ಬರನ್ನ ಮಳೆಗಾಲದಲ್ಲಿ ಕೆಲಸ ಬಿಡಿಸದೆ ಇಟ್ಟುಕೊಂಡ್ರೆ, ಆಮೇಲೆ ಕಾಂಬ" ಎಂದಳು. ನೀವು ಒಂದು ಕೆಲಸವನ್ನು ಒಂದು ಮಳೆಗಾಲ ನಡೆಸಿದ್ದನ್ನು ಅವಳು ಇನ್ನೂ ನೋಡಿಲ್ಲವಂತೆ, ದೋಣಿಯೊಂದನ್ನು ಬಿಟ್ಟು.

ಕಮಲಿ


ಕಾಸರಕೋಡ
೧೭ ಸೆಪ್ಟೆಂಬರ್ ೧೯೬೧

ಕಮಲಿಗೆ,

ಈ ಕಾಗದವನ್ನು ಗಟ್ಟಿಯಾಗಿ ಓದು. ಬೇಲಿಯಾಚೆಯವರಿಗೂ ಕೇಳಲಿ.

ಮಳೆಗಾಲ ಮುಗಿಯುತ್ತ ಬಂತು, ಕಾರು ನಿಂತಿಲ್ಲ. ಮೊದಲ ಮಳೆಗೇ ಒಳಗಿನ ವಾಸನೆ ಹೋಯಿತು. ಮೀರಾ ಸಾಹೇಬರು ಸೀಗೆಪುಡಿ ಹಾಕಿ ತಿಕ್ಕಿದ್ದೂ ಹೌದು, ಆದರೆ ಮಳೆ ಬರಿಸಿದ್ದು ನಾನೇ ಎಂದು ಬೇಕಾದರೆ ಹೇಳು. ಅಡಿಯ ಎಣ್ಣೆ ಮಾತ್ರ ಅಂಟಿನ ಹಾಗೆ ಕೂತಿದೆ. ಬಾಡಿಗೆ ಕಡಿಮೆ ಇದ್ದ ಆಷಾಢದಲ್ಲೂ ಸಾಹೇಬರ ಪಾಲು ತಪ್ಪಿಸಲಿಲ್ಲ. ಅತ್ತೆಯ ಎದುರು ಇದನ್ನು ಸ್ವಲ್ಪ ನಿಧಾನಕ್ಕೆ ಓದು.

ಈಗ ಕೇಳು. ಮೊನ್ನೆ ಮಂಕಿ ದಾಟಿ ಬರುತ್ತಿದ್ದೆವು. ರಸ್ತೆಯಲ್ಲಿ ನೀರು. ಎದುರಿಗೆ ಒಂದು ಕಪ್ಪು ಕಾರು ಆಮೆಯ ಹಾಗೆ ಸಾಗುತ್ತಿದೆ, ಅದರ ಅಡಿಯಲ್ಲಿ ಎರಡು ಕಾಲು. ಕಾಲುಂಗುರ ಹಾಕಿದ ಕಾಲು, ಕಾರಿನ ಸಂಗಡ ನಡೆಯುತ್ತಿವೆ. ಸಾಹೇಬರು ಹಾರ್ನ್ ಹೊಡೆದು ನಿಲ್ಲಿಸಿದರು. ಕೃಷ್ಣಾನಂದ ಶ್ಯಾನಭಾಗರು ಮಗಳಿಗೆ ಗಂಡು ನೋಡಲು ಸಂಸಾರಸಮೇತ ಭಟ್ಕಳಕ್ಕೆ ಹೊರಟವರು. ಹಿಂದಿನ ಸೀಟಿನ ಅಡಿಯ ತಗಡು ತುಕ್ಕು ತಿಂದು ತಿಂದು, ಆ ಹೊಂಡದಲ್ಲಿ ಪೂರಾ ಕಳಚಿ ನೀರಲ್ಲಿ ಉಳಿದಿದೆ. ಪುಣ್ಯಕ್ಕೆ ಗಾಡಿ ತೆವಳುವಷ್ಟೇ ವೇಗದಲ್ಲಿತ್ತು, ಯಾರಿಗೂ ಗೀರಿಲ್ಲ. ಶ್ಯಾನಭಾಗರ ಹೆಂಡತಿ ಸೀಟಿನಲ್ಲಿ ಕೂತೇ ಅಷ್ಟು ದೂರ ನಡೆದಿದ್ದಾರೆ. ಮುಂದೆ ಕೂತ ಗಂಡನಿಗೆ ಗೊತ್ತೇ ಇಲ್ಲ.

"ಕರೀಲಿಲ್ಲ ಯಾಕೆ ನೀನು?" ಎಂದು ಅವರು ಕೇಳಿದರು.

"ಕರೆದೆ. ದೊಡ್ಡ ಸಾಹೇಬರ ಗಾಡಿ ಅಂದ್ರೆ ಹೀಗೇ ಶಬ್ದ ಬರ್ತದೆ ಅಂದ್ರಿ."

ಎಲ್ಲರನ್ನೂ ನಮ್ಮ ಕಾರಿಗೆ ಹತ್ತಿಸಿಕೊಂಡೆವು. ರೇಷ್ಮೆ ಸೀರೆ, ಹಣ್ಣಿನ ತಟ್ಟೆ, ಅತ್ತರು. ಶ್ಯಾನಭಾಗರು ನನ್ನ ಮುಖ ನೋಡಿ, "ಲಿಲಾವಿನಲ್ಲಿ ಬಣ್ಣ ಹೊಗಳಿದವನು ನೀನೇ ಅಲ್ಲವೋ?" ಎಂದರು.

"ಬಣ್ಣ ಈಗಲೂ ಚೆಂದವೇ ಇದೆ ಒಡೆಯಾ."

ಮೊದಲು ಸಾಹೇಬರು ನಕ್ಕರು, ಆಮೇಲೆ ಶ್ಯಾನಭಾಗರ ಹೆಂಡತಿ, ಕೊನೆಗೆ ಬೇರೆ ಉಪಾಯವಿಲ್ಲದೆ ಅವರೂ. ಬಾಡಿಗೆ ಮುಟ್ಟಲಿಲ್ಲ ನಾನು. ಶ್ಯಾನಭಾಗರಿಗೆ ಮಾಡಿದ್ದು ಸರಿ ಕಾಣಲಿಲ್ಲ ಎಂದು ನೀನು ಹೋದ ವರ್ಷ ಬರೆದ ಸಾಲಿಗೆ ಇದು ಉತ್ತರ. ಗಂಡು ಒಪ್ಪಿಗೆಯಾಯಿತು. ಭಟ್ಕಳದಲ್ಲಿ ಅವರು ನಮ್ಮ ಕಾರಿನ ಅಡಿಗೆ ಬಗ್ಗಿ ನೋಡಿ, ತಗಡು ಹೊಸದರ ಹಾಗೆ ಇರುವುದನ್ನು ಕಂಡು ಎರಡು ಸಲ ಮುಟ್ಟಿದರು. ಅವರ ಕಾರಿನ ಇಂಜಿನ್ ಒಳ್ಳೆಯದಿದೆ. ಹೊಸ ತಗಡು ಹೊಡೆಸಿ ಎಣ್ಣೆ ಹಚ್ಚುವ ಕೆಲಸ ನಮಗೇ ಕೊಟ್ಟಿದ್ದಾರೆ. ಈಗ ಕುಮಟೆಯಿಂದ ಎರಡು ಲಾರಿಯವರೂ ಕೇಳಿ ಕಳಿಸಿದ್ದಾರೆ. ತಾರ್ಲೆ ಎಣ್ಣೆಯ ದರ ಏರಿದೆ ಎಂದು ಹೊನ್ನಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಬೈದಳು. ಅಂಥ ಬೈಗುಳ ಯಾವ ಮಾಮಲೇದಾರನಿಗೂ ಸಿಕ್ಕಿರಲಿಕ್ಕಿಲ್ಲ.

ಮಳೆಗಾಲ ಮುಗಿಯಿತು ಎಂದು ಹೇಳು. ಅಷ್ಟೇ ಹೇಳು.

ಶನಿಯಾರ ಮಾವ


ತೆಂಗಿನಗುಂಡಿ
೮ ಅಕ್ಟೋಬರ್ ೧೯೬೧

ಮಾವನಿಗೆ,

ಗಟ್ಟಿಯಾಗಿಯೇ ಓದಿದೆ. ಕಾರಿನ ಅಡಿಯ ಕಾಲುಗಳ ಹತ್ತಿರ ಬಂದಾಗ ಅತ್ತೆ ಬಲೆಯನ್ನು ಕೆಳಗಿಟ್ಟಳು. ಈ ಸಲ ಕೆಮ್ಮಲ್ಲ.

ನೀವು ಕರೆದೊಯ್ಯಲು ಬರಬಾರದಂತೆ. ಬಂದರೆ ಊರವರು, ಗಂಡ ಬಂದು ಎಳೆದುಕೊಂಡು ಹೋದ ಅನ್ನುತ್ತಾರಂತೆ. ಬುಧವಾರ ಬೆಳಿಗ್ಗೆ ಅವಳು ಶಿರಾಲಿಯ ರಸ್ತೆಗೆ ಬಂದು ನಿಂತಿರುತ್ತಾಳೆ. ಎಲ್ಲರ ಹಾಗೆ ಕೈ ಮಾಡುತ್ತಾಳೆ. ಜಾಗವಿದ್ದರೆ ನಿಲ್ಲಿಸಬಹುದಂತೆ.

ಜಾಗವಿರಲಿ, ಮಾವ.

ಕಮಲಿ


ಕಾಸರಕೋಡ
೧೫ ಅಕ್ಟೋಬರ್ ೧೯೬೧

ಕಮಲಿಗೆ,

ಜಾಗ ಇಟ್ಟಿದ್ದೆ. ಬುಧವಾರ ಭಟ್ಕಳದಲ್ಲಿ ಮೂರು ಮಂದಿ ಗಿರಾಕಿಗಳನ್ನು ವಾಪಸು ಕಳಿಸಿದೆ. ಕಾರು ಕೆಟ್ಟಿದೆ ಎಂದೆ. ಸಾಹೇಬರಿಗೆ ಆ ಮಾತಿನಿಂದ ಬಹಳ ಬೇಜಾರಾಯಿತು.

ಶಿರಾಲಿಯಲ್ಲಿ ಅವಳು ನಿಂತಿದ್ದಳು. ಕೈ ಮಾಡಿದಳು. ಸಾಹೇಬರು ಇಳಿದು ಬಾಗಿಲು ತೆಗೆದರು. ಅವಳು ಹತ್ತಲಿಲ್ಲ, ಅವರನ್ನೇ ನೋಡಿದಳು.

"ನೀವು ಅತ್ತದ್ದು ಹೌದಾ ಸಾಯ್ಬ್ರೇ?"

"ಹೌದಮ್ಮಾ. ಆಗ ಗಾಡಿ ಹೋಯ್ತು ಅಂತ ಅತ್ತೆ. ಈಗ ದಿನಾ ಭಟ್ಕಳದಿಂದ ಕಾಸರಕೋಡದವರೆಗೆ ಇವರ ಮಾತು ಕೇಳಿ ಅಳ್ತೇನೆ."

"ಅದಕ್ಕೆ ನನ್ನ ಹತ್ರ ಔಷಧ ಇಲ್ಲ. ನಾನೂ ಇಷ್ಟು ವರ್ಷ ಅತ್ತದ್ದೇ" ಎಂದು ಹತ್ತಿ ಕೂತಳು. ಕೋಳಿಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟಳು. ದಾರಿಯುದ್ದ ನನ್ನ ಸಂಗಡ ಮಾತಿಲ್ಲ. ಸಾಹೇಬರ ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ಯಾರಿಗೆ ಕೆಮ್ಮು, ಎಲ್ಲ ಕೇಳಿ ಮುಗಿಸಿದಳು. ನಾನು ಕೋಳಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ನೀನು ನಂಬುವುದಿಲ್ಲ, ಗೊತ್ತು.

ಕಾಸರಕೋಡ ಬಂತು. ಮನೆಯ ಮುಂದೆ ಸಾಹೇಬರು ನಿಲ್ಲಿಸಿದರು. ಅವಳು ಇಳಿಯಲಿಲ್ಲ. ನನ್ನ ಎದೆಯೊಳಗೆ ಏನೋ ಬೊದಕ್ ಎಂದಿತು.

"ಮನೆ ಬಂತು" ಎಂದೆ.

"ಕಣ್ಣಿದೆ ನನಗೆ. ಈ ಗಾಡಿ ಇಷ್ಟೇ ದೂರ ಹೋಗೂದಾ? ಕುಮಟೆ ತನಕ ಹೋಗಲಿಕ್ಕೆ ಆಗ್ತದಾ ಇಲ್ಲಾ?"

ಕೋಳಿಬುಟ್ಟಿಯನ್ನು ಜಗಲಿಯಲ್ಲಿಟ್ಟು ಓಡಿ ಬಂದೆ. ಹೊಳೆಗೆ ಹೋದೆವು. ಜೋಡಿದೋಣಿಗೆ ಹಲಗೆ ಹಾಸಿದ್ದು ನೀನು ನೋಡಿದ್ದೀಯಲ್ಲ, ಅದರ ಮೇಲೆ ಗಾಡಿ ಹತ್ತಿಸಿದ ಮೇಲೆ ಒಳಗಿದ್ದವರೆಲ್ಲ ಇಳಿದು ಬದಿಗೆ ನಿಲ್ಲಬೇಕು. ಅದು ಕಾಯಿದೆ. ಸಾಹೇಬರು ಇಳಿದರು, ನಾನು ಇಳಿದೆ. ಅವಳು ಕಿಟಕಿಯ ಗಾಜು ಇಳಿಸಿ ಕೂತೇ ಇದ್ದಳು. ಹೊಳೆಯ ನಡುವೆ ಗಾಳಿ ಜೋರಿತ್ತು. ಗಳ ಹಾಕುತ್ತಿದ್ದವನು ಹೊಸಬ, ಅವಳ ಗುರುತಿಲ್ಲ.

"ಅಮ್ಮಾ, ಇಳೀರಿ. ಬಾಡಿಗೆಗೆ ಬಂದವರು ಒಳಗೆ ಕೂರೂ ಹಾಂಗಿಲ್ಲ" ಎಂದ.

ಅವಳು ಸೆರಗು ಸರಿಮಾಡಿಕೊಂಡು, ಆಚೆ ದಂಡೆಯನ್ನೇ ನೋಡುತ್ತ ಹೇಳಿದಳು:

"ಬಾಡಿಗೆಗೆ ಬಂದವಳಲ್ಲ ನಾ. ಗಾಡಿ ನಂದು."

ಸಾಹೇಬರು ನನ್ನ ಕಡೆ ನೋಡಿದರು. ನಾನು ಹೊಳೆಯ ಕಡೆ ನೋಡಿದೆ. ಆ ಗಾಳಿಗೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ.

ಬರೆಯುವುದು ಇನ್ನೂ ಇತ್ತು. ಆದರೆ ಒಳಗಿಂದ ಊಟಕ್ಕೆ ಕರೆಯುತ್ತಿದ್ದಾಳೆ, ಎರಡನೇ ಸಲ.

ಮಾಲಕಿಯ ಗಂಡ,
ಶನಿಯಾರ